ಆದೋನಿಯಲ್ಲಿ ಮಾಸ್ಕ್ ತೆಗೆದ ವಾರ

2022ರ ಏಪ್ರಿಲ್ ಮೊದಲ ವಾರದಲ್ಲಿ ಆದೋನಿಗೆ ಮೂರು ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಕೊರೊನಾ ಕಾಲದಲ್ಲಿ ಕೇಂದ್ರ ಸರ್ಕಾರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಹೊರಡಿಸಿದ್ದ ಆದೇಶಗಳ ಅವಧಿ ಮಾರ್ಚ್ 31ಕ್ಕೆ ಮುಗಿಯಿತು. ಏಪ್ರಿಲ್ 3ಕ್ಕೆ ಮೊದಲ ನೋಂಬು. ಮರುದಿನವೇ ಆಂಧ್ರದ 13 ಜಿಲ್ಲೆಗಳು 26 ಆದವು. ಕರ್ನೂಲಿನಿಂದ ನಂದ್ಯಾಲ ಬೇರೆಯಾಯಿತು, ಆದೋನಿ ಮಾತ್ರ ಕರ್ನೂಲು ಜಿಲ್ಲೆಯಲ್ಲೇ ಉಳಿಯಿತು. ಆ ವಾರ ಚಹಾದಂಗಡಿಗಳಲ್ಲಿ ನಡೆದದ್ದೆಲ್ಲ ಈ ಮೂರನೆಯ ಸುದ್ದಿಯ ಚರ್ಚೆಯೇ. ನಮಗೇಕೆ ಜಿಲ್ಲೆ ಕೊಡಲಿಲ್ಲ ಎಂಬ ಸಿಟ್ಟಿನ ಮಧ್ಯೆ ಮಾಸ್ಕಿನ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಅದು ಯಾವಾಗ ಮುಖದಿಂದ ಗಲ್ಲಕ್ಕೆ, ಗಲ್ಲದಿಂದ ಕಿಸೆಗೆ ಇಳಿಯಿತೋ ಯಾರಿಗೂ ಗೊತ್ತಿಲ್ಲ.

ನಾನು ಮಾತ್ರ ಅದನ್ನು ತೆಗೆದ ಹೊತ್ತು ಮರೆತಿಲ್ಲ. ಮೊದಲ ತರಾವೀಹ್‌ನ ರಾತ್ರಿ. ಎರಡು ರಂಜಾನ್‌ಗಳ ನಂತರ ಸಫ್‌ಗಳು ಮತ್ತೆ ಭುಜಕ್ಕೆ ಭುಜ ತಾಗಿ ನಿಂತಿದ್ದವು. ಎಡಕ್ಕೆ ನಿಂತಿದ್ದ ಹಿರಿಯರು ನನ್ನ ಮುಖ ನೋಡಿ, ಇನ್ನೂ ಏಕೆ ಎಂಬಂತೆ ನಕ್ಕರು. ನಾನು ಮಾಸ್ಕ್ ಮಡಚಿ ಜುಬ್ಬಾದ ಜೇಬಿಗೆ ಹಾಕಿಕೊಂಡೆ. ಒಂದು ಕ್ಷಣವೂ ಯೋಚಿಸಲಿಲ್ಲ. ಆಮೇಲೆ ಯೋಚಿಸಬೇಕಾಗಿ ಬಂತು. ಅದಕ್ಕಾಗಿಯೇ ಈ ಬರಹ.

ನಾನು ಬಂಟ್ವಾಳ ಕಡೆಯವನು. ಆದೋನಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲವು ವರ್ಷ ಲೆಕ್ಕ ಬರೆದೆ. ಬ್ಯಾರಿಗಳು ಎಲ್ಲಿಗೆ ಹೋದರೂ ಅಂಗಡಿಯೋ ಹೋಟೆಲೋ ಇಡುತ್ತಾರೆ ಎಂದು ನಂಬಿದ್ದ ಅಲ್ಲಿಯವರಿಗೆ ಲೆಕ್ಕ ಬರೆಯುವ ಬ್ಯಾರಿ ಸ್ವಲ್ಪ ವಿಚಿತ್ರವಾಗಿಯೇ ಕಂಡ. 'ಮಂಗಳೂರು ಭಾಯ್' ಎನ್ನುತ್ತಿದ್ದರು. ಆ ಊರು ನಮಗೆ ತೀರ ಪರಕೀಯವೇನೂ ಅಲ್ಲ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ, ಆಲೂರು ತಾಲೂಕುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ನಮ್ಮ ದಕ್ಷಿಣ ಕನ್ನಡವೂ ಅದೇ ಮದ್ರಾಸಿನ ಕೆಳಗೆ ಇದ್ದ ಜಿಲ್ಲೆ. ಹೊಳಗುಂದ, ಕೌತಾಳಂ, ಹಾಲಹರ್ವಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಊರೊಳಗಿನ ಶಾಹಿ ಜಾಮಿಯಾ ಮಸೀದಿಯನ್ನು ಕಟ್ಟಿಸಿದ್ದು ಹದಿನೇಳನೇ ಶತಮಾನದಲ್ಲಿ ಆದೋನಿಯನ್ನು ಆಳಿದ ಬಿಜಾಪುರದ ಸರದಾರ ಸಿದ್ದಿ ಮಸೂದ್ ಖಾನ್. ಮಂತ್ರಾಲಯದ ಜಾಗವನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟದ್ದು ಅವನೇ ಎಂದು ಮಠದವರೂ ಹೇಳುತ್ತಾರೆ. ಅಲ್ಲಿಯ ಮುಸ್ಲಿಮರು ಹನಫಿಗಳು, ಮನೆಯಲ್ಲಿ ದಖನಿ ಉರ್ದು. ಶಾಫಿಯಾದ ನಾನು ಸುಬಹಿಯಲ್ಲಿ ಕುನೂತ್ ಇಲ್ಲದೆ ಸಲಾಂ ಹೇಳುವುದಕ್ಕೆ ರೂಢಿಯಾಗಲು ತಿಂಗಳುಗಳೇ ಬೇಕಾದವು.

ಮಾಸ್ಕ್ ತೆಗೆದ ಕಥೆಗೆ ಮುಂಚೆ ಅದನ್ನು ಕಟ್ಟಿಕೊಂಡ ಕಥೆ ಹೇಳಬೇಕು.

2020ರ ಏಪ್ರಿಲ್ ಕೊನೆಯ ಹೊತ್ತಿಗೆ ಆಂಧ್ರದಲ್ಲಿ ಅತಿ ಹೆಚ್ಚು ಪ್ರಕರಣಗಳಿದ್ದದ್ದು ಕರ್ನೂಲು ಜಿಲ್ಲೆಯಲ್ಲಿ. ಆರಂಭದಲ್ಲಿ ಸಿಕ್ಕ ಸೋಂಕಿತರಲ್ಲಿ ದೆಹಲಿಯ ತಬ್ಲೀಗ್ ಮರ್ಕಝಿನಿಂದ ಹಿಂತಿರುಗಿದವರೂ ಅವರ ಮನೆಯವರೂ ಬಹಳ ಮಂದಿ ಇದ್ದರು. ಆಮೇಲೆ ಟಿವಿಗಳಲ್ಲಿ ಏನೇನು ನಡೆಯಿತು ಎಂದು ಈ ಬ್ಲಾಗಿನ ಓದುಗರಿಗೆ ಹೇಳಬೇಕಾಗಿಲ್ಲ. ತರಕಾರಿ ಮಾರುವವನ ಆಧಾರ್ ಕಾರ್ಡ್ ಕೇಳಿದ ದಿನಗಳು ನಮ್ಮ ಮಂಗಳೂರಿನವರಿಗೂ ನೆನಪಿವೆ. ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆಗಸ್ಟ್‌ನಲ್ಲಿ ರದ್ದು ಮಾಡಿ, ಇವರನ್ನು ಬಲಿಪಶು ಮಾಡಲಾಗಿದೆ ಎಂದಿತು. ಆದರೆ ಏಪ್ರಿಲಿನಲ್ಲಿ ಗಡ್ಡ ಇದ್ದು ಮಾಸ್ಕ್ ಇಲ್ಲದವನು ಆದೋನಿಯ ಮಾರುಕಟ್ಟೆಗೆ ಕಾಲಿಟ್ಟರೆ ಜನ ಹೇಗೆ ನೋಡುತ್ತಿದ್ದರು ಎಂಬುದನ್ನು ಯಾವ ತೀರ್ಪೂ ಅಳಿಸಲಾರದು. ನಾನು ಮಾಸ್ಕ್ ಹಾಕಿದ್ದು ರೋಗದ ಹೆದರಿಕೆಗೆ ಎಂದು ಹೇಳಿಕೊಳ್ಳುತ್ತಿದ್ದೆ. ಮುಕ್ಕಾಲು ಪಾಲು ಆ ನೋಟಕ್ಕೆ ಹೆದರಿ ಹಾಕಿದ್ದೆ. ಮಾಸ್ಕ್ ನನಗೆ ಒಂದು ಬಗೆಯ ನಡತೆ ಸರ್ಟಿಫಿಕೇಟ್ ಆಗಿತ್ತು.

ಅದೇ ತಿಂಗಳು 14ರಂದು ಕರ್ನೂಲು ನಗರದ ಡಾಕ್ಟರ್ ಕೆ.ಎಂ. ಇಸ್ಮಾಯಿಲ್ ಹುಸೇನ್ ತೀರಿಕೊಂಡರು. ವಯಸ್ಸು 76. 'ಎರಡು ರೂಪಾಯಿ ಡಾಕ್ಟರ್' ಎಂದೇ ಹೆಸರು. ರೋಗಿ ಕೊಟ್ಟಷ್ಟು ತೆಗೆದುಕೊಂಡು, ಕೊಡಲಾಗದವರನ್ನೂ ನೋಡಿ ಕಳಿಸುತ್ತಿದ್ದವರು. ಅವರಿಗೆ ಕೊರೊನಾ ಇತ್ತೆಂದು ಆಮೇಲೆ ತಿಳಿಯಿತು. ಆದೋನಿಯ ಕಡೆಯಿಂದಲೂ ಬಸ್ಸು ಹಿಡಿದು ಅವರ ಬಳಿಗೆ ಹೋಗುತ್ತಿದ್ದವರಿದ್ದರು. ನಮ್ಮ ಮಿಲ್ಲಿನ ಕಾವಲುಗಾರ ತಾತ ಆ ಸುದ್ದಿ ಕೇಳಿದ ಸಂಜೆ ಮಾಸ್ಕ್ ಕಟ್ಟಿಕೊಂಡವರು, ನನಗೆ ಗೊತ್ತಿದ್ದಂತೆ ಒಂದು ವರ್ಷ ತೆಗೆಯಲಿಲ್ಲ. ಪೊಲೀಸರ ದಂಡಕ್ಕೂ ಬಗ್ಗದಿದ್ದ ಮನುಷ್ಯ.

ಆ ದಿನಗಳಲ್ಲಿ ಆಂಧ್ರ ಸರ್ಕಾರ ತಲೆಗೆ ಮೂರರಂತೆ ಸುಮಾರು 16 ಕೋಟಿ ಬಟ್ಟೆ ಮಾಸ್ಕ್ ಹಂಚಲು ಹೊರಟಿತು. ಹೊಲಿದವರು ಸ್ವಸಹಾಯ ಸಂಘಗಳ ಹೆಂಗಸರು. ಲಾಕ್‌ಡೌನಿನಲ್ಲಿ ಕೂಲಿ ಇಲ್ಲದೆ ಕೂತಿದ್ದ ಮನೆಗಳಿಗೆ ಹೊಲಿಗೆ ಯಂತ್ರವೊಂದೇ ಅನ್ನ ತಂದ ತಿಂಗಳುಗಳವು. ಮಾಸ್ಕಿನ ಚರಿತ್ರೆ ಬರೆಯುವವರು ಡಾಕ್ಟರುಗಳ ಹೆಸರು ಬರೆಯುತ್ತಾರೆ, ಈ ಹೊಲಿಗೆಯವರನ್ನು ಬಿಡುತ್ತಾರೆ.

ಡಾಕ್ಟರುಗಳ ಕಥೆಯೂ ಚೆನ್ನಾಗಿಯೇ ಇದೆ. 1897ರಲ್ಲಿ ಬೊಂಬಾಯಿಯ ಪ್ಲೇಗಿಗೆ ಹೆದರಿದ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. 2020ರಲ್ಲಿ ನಮ್ಮ ಸರ್ಕಾರಗಳು ಹುಡುಕಿ ತೆಗೆದದ್ದು ಅದೇ ಹಳೆಯ ಕಾಯ್ದೆ. ಅದೇ 1897ರಲ್ಲಿ ಬ್ರೆಸ್ಲೌ ನಗರದ ಸರ್ಜನ್ ಮಿಕುಲಿಚ್, ಮಾತಾಡುವಾಗ ಬಾಯಿಯಿಂದ ಹಾರುವ ಹನಿಗಳು ಗಾಯಕ್ಕೆ ಬೀಳದಿರಲೆಂದು ಗಾಜ್ ಬಟ್ಟೆ ಕಟ್ಟಿಕೊಂಡು ಆಪರೇಷನ್ ಮಾಡತೊಡಗಿದ. ಎಂದರೆ ಮಾಸ್ಕ್ ಹುಟ್ಟಿದ್ದು ಕಟ್ಟಿಕೊಂಡವನನ್ನು ಕಾಯಲು ಅಲ್ಲ, ಎದುರಿಗೆ ಮಲಗಿದವನನ್ನು ಕಾಯಲು. 1910-11ರ ಮಂಚೂರಿಯಾದ ಶ್ವಾಸಕೋಶದ ಪ್ಲೇಗಿನಲ್ಲಿ ಅದು ಎರಡೂ ಕಡೆಯ ಕಾವಲಾಯಿತು. ಪೆನಾಂಗಿನಲ್ಲಿ ಹುಟ್ಟಿದ ಡಾಕ್ಟರ್ ವೂ ಲಿಯೆನ್-ಟೆ, ಈ ಪ್ಲೇಗ್ ಉಸಿರಿನಿಂದ ಹರಡುತ್ತದೆ, ಎಲ್ಲರೂ ಹತ್ತಿ ಮತ್ತು ಗಾಜಿನ ಮಾಸ್ಕ್ ಕಟ್ಟಿ ಎಂದರು. ಫ್ರೆಂಚ್ ಡಾಕ್ಟರ್ ಜೆರಾಲ್ಡ್ ಮೆನಿಗೆ ಇವರ ಮಾತು ಹಿಡಿಸಲಿಲ್ಲ. ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿದರು, ಕೆಲವೇ ದಿನಗಳಲ್ಲಿ ಅದೇ ರೋಗಕ್ಕೆ ಸತ್ತರು.

ನನಗೆ ಹೆಚ್ಚು ಬೇಕಾದದ್ದು ರೋಗ ಇಳಿದ ಮೇಲೆ ಏನಾಯಿತು ಎಂಬ ಸಂಗತಿ. 1918ರ ಇನ್‌ಫ್ಲುಯೆಂಜಾದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ಮಾಸ್ಕ್ ಕಡ್ಡಾಯ ಮಾಡಿತು. ನವೆಂಬರ್ 21ರ ಮಧ್ಯಾಹ್ನ 12 ಗಂಟೆಗೆ ಸೀಟಿ ಊದಿ ಆದೇಶ ಹಿಂತೆಗೆದುಕೊಂಡಾಗ ಜನ ಮಾಸ್ಕುಗಳನ್ನು ರಸ್ತೆಗೆ ಎಸೆದು ಕುಣಿದರು. ಕೆಲವೇ ವಾರಗಳಲ್ಲಿ ಜ್ವರ ಮತ್ತೆ ಏರಿತು. 1919ರ ಜನವರಿಯಲ್ಲಿ ಮತ್ತೆ ಆದೇಶ ಬಂದಾಗ ಅದರ ವಿರುದ್ಧ ಒಂದು ಸಂಘವೇ ಹುಟ್ಟಿಕೊಂಡಿತ್ತು. ಜಪಾನಿನಲ್ಲೂ ಅದೇ ಇನ್‌ಫ್ಲುಯೆಂಜಾ ಬಂತು, ಅಲ್ಲೂ ಸರ್ಕಾರ ಮಾಸ್ಕ್ ಹಾಕಿ ಎಂದು ಪೋಸ್ಟರ್ ಅಂಟಿಸಿತು. ಅಲ್ಲಿ ಮಾತ್ರ ಅದು ಉಳಿಯಿತು. ನೆಗಡಿಯಾದವನು ಪಕ್ಕದವನಿಗಾಗಿ ಕಟ್ಟಿಕೊಳ್ಳುವ ರೂಢಿಯಾಗಿ ಬೇರು ಬಿಟ್ಟಿತು. ಕೊರೊನಾ ನಂತರ 2023ರ ಮಾರ್ಚ್ 13ಕ್ಕೆ ಅಲ್ಲಿಯ ಸರ್ಕಾರ, ಇನ್ನು ನಿಮ್ಮ ನಿಮ್ಮ ಇಷ್ಟ ಎಂದಾಗಲೂ ಬಹಳ ಜನ ತೆಗೆಯಲಿಲ್ಲ.

1918ರ ಜ್ವರ ನಮ್ಮಲ್ಲಿ ಕೋಟಿಗೂ ಮೀರಿ ಜೀವ ತೆಗೆದುಕೊಂಡಿತು. ಬೊಂಬಾಯಿಯಲ್ಲಿ ಇಳಿದು ರೈಲು ಹತ್ತಿ ಒಳನಾಡಿಗೆ ಹರಡಿದ ಕಾಯಿಲೆ ಅದು. ಆದೋನಿ ನಿಂತಿರುವುದು ಬೊಂಬಾಯಿ-ಮದ್ರಾಸ್ ರೈಲು ದಾರಿಯ ಮೇಲೆಯೇ. ಆದರೂ ಅಲ್ಲಿಯ ಹಿರಿಯರು ತಮ್ಮ ಅಜ್ಜ ಅಜ್ಜಿಯರಿಂದ ಕೇಳಿದ್ದೆಂದು ನನಗೆ ಹೇಳಿದ ಯಾವ ಕಥೆಯಲ್ಲೂ ಮಾಸ್ಕ್ ಬರುವುದಿಲ್ಲ. ಬಟ್ಟೆ ಬರುತ್ತದೆ. ಅದು ಕಾಯಿಲೆಯ ಕಥೆಯಲ್ಲ, ಹತ್ತಿಯ ಕಥೆ.

ಜಿನ್ನಿಂಗ್ ಮಿಲ್ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ರೈತರು ತರುವುದು ಬೀಜ ಸಮೇತದ ಹತ್ತಿ. ಜಿನ್ ಯಂತ್ರದಲ್ಲಿ ಬೀಜ ಬೇರೆ, ಅರಳೆ ಬೇರೆ ಆಗುತ್ತದೆ. ಅರಳೆಯನ್ನು ಒತ್ತಿ ಸುಮಾರು 170 ಕಿಲೋದ ಬೇಲ್ ಕಟ್ಟುತ್ತಾರೆ. ಆದೋನಿಯ ಹತ್ತಿ ಮಾರುಕಟ್ಟೆ ಆಂಧ್ರದಲ್ಲೇ ದೊಡ್ಡದು. ಸುಗ್ಗಿಯ ದಿನ ಮಿಲ್ಲಿನ ಒಳಗೆ ನಿಂತರೆ ಎದುರಿಗಿನ ಮನುಷ್ಯ ಮಂಜಿನಲ್ಲಿ ನಿಂತ ಹಾಗೆ ಕಾಣುತ್ತಾನೆ. ರೆಪ್ಪೆಯ ಮೇಲೆ, ಮೀಸೆಯ ಮೇಲೆ, ಊಟದ ಡಬ್ಬಿಯ ಮೇಲೆ ಬಿಳಿ ನವಿರು. ಕೆಲಸದ ಹೆಂಗಸರು ತಲೆಯಿಂದ ಮೂಗಿನವರೆಗೆ ಬಟ್ಟೆ ಸುತ್ತಿ ಕಣ್ಣು ಮಾತ್ರ ಬಿಟ್ಟಿರುತ್ತಾರೆ. ಗಂಡಸರು ಟವೆಲ್ ಬಿಗಿಯುತ್ತಾರೆ. ಮಳೆ ಕೈಕೊಟ್ಟ ವರ್ಷ ಇದೇ ಜನ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ವಲಸೆ ಹೋಗುತ್ತಾರೆ. ಅಲ್ಲೂ ಅದೇ ಬಟ್ಟೆ.

ಹತ್ತಿ ಧೂಳು ಕುಡಿದ ಶ್ವಾಸಕೋಶಕ್ಕೆ ಬರುವ ಕಾಯಿಲೆಗೆ ಬಿಸಿನೋಸಿಸ್ ಎಂದು ಹೆಸರು. ಅದರ ಗುಣ ವಿಚಿತ್ರ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ, ಆಮೇಲಿನ ದಿನಗಳಲ್ಲಿ ಸಡಿಲವಾಗುತ್ತದೆ. ವರ್ಷಗಳು ಕಳೆದಂತೆ ಎಲ್ಲ ದಿನವೂ ಬಿಗಿಯತೊಡಗುತ್ತದೆ. ಇಂಗ್ಲೆಂಡಿನ ಲಂಕಾಶೈರ್ ಗಿರಣಿಗಳಲ್ಲಿ ಡಾಕ್ಟರುಗಳು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ನಮ್ಮ ಕಾನೂನಿನಲ್ಲೂ ಇದು ಪರಿಹಾರ ಸಿಗಬೇಕಾದ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಆದರೆ ಸುಗ್ಗಿಗೆ ಬಂದು ಸುಗ್ಗಿ ಮುಗಿದ ಮೇಲೆ ಹೋಗುವ ಕೂಲಿಯವರ ಎದೆಯನ್ನು ಯಾರು ಅಳೆಯುತ್ತಾರೆ? ನಾನೇ ಬರೆದ ಲೆಕ್ಕದ ಪುಸ್ತಕಗಳಲ್ಲಿ ಅವರ ಹೆಸರು ಇರಲಿಲ್ಲ, ತಲೆ ಎಣಿಕೆ ಮಾತ್ರ ಇತ್ತು. ಕೊರೊನಾ ಬರುವವರೆಗೆ ನಮ್ಮ ಮಿಲ್ ಒಬ್ಬರಿಗೂ ಒಂದು ಮಾಸ್ಕ್ ಕೊಟ್ಟದ್ದಿಲ್ಲ. ಆ ಎರಡು ಸುಗ್ಗಿಗಳಲ್ಲಿ ಪೆಟ್ಟಿಗೆಗಟ್ಟಲೆ ತರಿಸಿತು. ಬಿಲ್ ಪಾಸು ಮಾಡಿದವನು ನಾನೇ. 2022ರ ಏಪ್ರಿಲಿನಲ್ಲಿ ಆ ಖರ್ಚಿನ ಸಾಲು ನಿಂತುಹೋಯಿತು. ನಿಲ್ಲಿಸಿದವರ ಎದುರು ನಾನು ಬಾಯಿ ಬಿಡಲಿಲ್ಲ. ಧೂಳು ಮಾತ್ರ ಕಮ್ಮಿಯಾಗಿರಲಿಲ್ಲ.

ಆ ವಾರ ಕೌತಾಳಂ ಕಡೆಯ ಒಬ್ಬ ಅಕ್ಕ ಕೂಲಿ ತೆಗೆದುಕೊಳ್ಳಲು ಕಿಟಕಿಗೆ ಬಂದಾಗ ಮುಖಕ್ಕೆ ಬಟ್ಟೆ ಹಾಗೆಯೇ ಇತ್ತು. ತಮಾಷೆಗೆ, "ತೆಗೀರಿ ಅಕ್ಕ, ಗೌರ್ಮೆಂಟ್ ಬಿಟ್ಟದಲ್ಲ" ಅಂದೆ.

"ಗೌರ್ಮೆಂಟ್ ಕಟ್ಟಿದ್ದಲ್ಲ ಸಾರ್ ಇದು, ನಮ್ಮವ್ವ ಕಟ್ಟಿದ್ದು" ಅಂದಳು.

ನಗಲಿಲ್ಲ. ದುಡ್ಡು ಎಣಿಸಿಕೊಂಡು ಹೋದಳು. ತರಾವೀಹ್‌ನಲ್ಲಿ ಪಕ್ಕದವರ ಒಂದು ನಗುವಿಗೆ ಮಾಸ್ಕ್ ಜೇಬಿಗೆ ಹಾಕಿದವನು ನಾನು. ಅವರ ಸಾಧಾರಣ ಬಟ್ಟೆ ಹತ್ತಿಯ ನವಿರು ತಡೆಯುತ್ತದೆ, ಎದೆಗೆ ಇಳಿಯುವ ಅತಿ ಸಣ್ಣ ಧೂಳನ್ನು ತಡೆಯಲಾರದು. ಅದಕ್ಕೆ ಎನ್95 ತರಹದ್ದೇ ಬೇಕು. ಇಷ್ಟು ಗೊತ್ತಿದ್ದವನು ನಾನು, ಕಾರಣ ಗೊತ್ತಿದ್ದವಳು ಅವಳು.

ಪಳ್ಳಿಯ ವಿಷಯಕ್ಕೆ ಬರುತ್ತೇನೆ. ನಮಾಜಿನಲ್ಲಿ ಬಾಯಿ ಮುಚ್ಚಿಕೊಳ್ಳುವುದು ಕರಾಹತ್ ಎಂದು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಅಬೂದಾವೂದ್‌ನಲ್ಲಿ ಬರುವ ಹದೀಸ್ ಅದಕ್ಕೆ ಆಧಾರ. ಕೊರೊನಾ ಕಾಲದಲ್ಲಿ ಅಗತ್ಯ ಇದ್ದುದರಿಂದ ಕರಾಹತ್ ಇಲ್ಲ ಎಂದು ಉಲಮಾಗಳು ಹೇಳಿದರು. ಆದೇಶ ಮುಗಿದ ಮೇಲೆ ಅಗತ್ಯವೂ ಮುಗಿಯಿತೇ? ಆ ವರ್ಷ ಇದು ಬಹಳ ಮನೆಗಳ ಪ್ರಶ್ನೆಯಾಗಿತ್ತು. ಮಕ್ಕಾದ ಹರಮಿನಲ್ಲಿ 2021ರ ಅಕ್ಟೋಬರ್ 17ಕ್ಕೇ ಸಫ್‌ಗಳು ಮತ್ತೆ ಕೂಡಿದ್ದವು, ಆದರೆ ಮುಖದ ಮೇಲೆ ಮಾಸ್ಕ್ ಇತ್ತು. 2022ರ ಜೂನ್‌ನಲ್ಲಿ ಸೌದಿ ಸರ್ಕಾರ ಒಳಾಂಗಣದ ಮಾಸ್ಕ್ ನಿಯಮ ತೆಗೆದಾಗಲೂ ಎರಡು ಹರಮುಗಳಿಗೆ ಅದನ್ನು ಉಳಿಸಿತು. ನಮ್ಮೂರಿನ ಉಸ್ತಾದರನ್ನು ಫೋನಿನಲ್ಲಿ ಕೇಳಿದೆ. ಅವರು ನನಗೇ ತಿರುಗಿ ಕೇಳಿದರು, "ನಿನಗೆ ಕೆಮ್ಮು ಉಂಟಾ? ಮನೆಯಲ್ಲಿ ಕಾಯಿಲೆಯವರು ಉಂಟಾ?" ಇದ್ದರೆ ಕಾರಣ ನಿನ್ನದು, ಅದು ಸರ್ಕಾರದ ಜೊತೆ ಬರುವುದೂ ಇಲ್ಲ ಹೋಗುವುದೂ ಇಲ್ಲ ಎಂದರು. ಇಲ್ಲದಿದ್ದರೆ ತೆಗೆದು ನಮಾಜ್ ಮಾಡು. ಇಷ್ಟೇ.

ಅದೇ ಹೊತ್ತಿನಲ್ಲಿ ನಮ್ಮ ಕರಾವಳಿಯಲ್ಲಿ ಮಾಸ್ಕ್ ತೆಗೆಯದಿರಲು ಬೇರೊಂದು ಕಾರಣ ಹುಟ್ಟಿತ್ತು. ಮಾರ್ಚ್ 15ರ ಹೈಕೋರ್ಟ್ ತೀರ್ಪಿನ ಬಳಿಕ ಹಿಜಾಬ್ ತೆಗೆದು ತರಗತಿಗೆ ಹೋಗಬೇಕಾದ ನನ್ನ ಸಂಬಂಧಿಕರ ಹುಡುಗಿಯೊಬ್ಬಳು ಆ ವರ್ಷವಿಡೀ ಮಾಸ್ಕ್ ತೆಗೆಯಲಿಲ್ಲ. ತರಗತಿಯಲ್ಲಿ ಅವಳಿಗೆ ಉಳಿದದ್ದು ಅದೊಂದೇ. ಕೊರೊನಾ ಮುಗಿದಿದೆಯಲ್ಲ ಎಂದು ಲೆಕ್ಚರರ್ ಒಬ್ಬರು ಕೇಳಿದಾಗ, ಧೂಳಿಗೆ ಅಲರ್ಜಿ ಎಂದಳಂತೆ. ಅದರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಬರೆಯಬೇಕಾದವಳು ಅವಳು.

ರಂಜಾನಿನ ಕೊನೆಯ ವಾರ ಪೆರ್ನಾಲಿಗೆ ಊರಿಗೆ ಹೊರಟೆ. ಆದೋನಿಯಿಂದ ಆಲೂರಿನ ಮೇಲೆ ಬಳ್ಳಾರಿಗೆ, ಅಲ್ಲಿಂದ ರಾತ್ರಿ ಬಸ್ಸು. ಸರಿಯಾಗಿ ಆಗಲೇ, ಏಪ್ರಿಲ್ 25ಕ್ಕೆ, ಕರ್ನಾಟಕ ಸರ್ಕಾರ ಸಾರ್ವಜನಿಕ ಜಾಗಗಳಲ್ಲಿ ಮತ್ತೆ ಮಾಸ್ಕ್ ಕಡ್ಡಾಯ ಎಂದಿತ್ತು. ದಂಡ ಸದ್ಯಕ್ಕಿಲ್ಲ ಎಂದೂ ಹೇಳಿತ್ತು. ಆಂಧ್ರದ ಕಡೆ ಯಾರೂ ಕೇಳುತ್ತಿರಲಿಲ್ಲ. ಹೀಗಾಗಿ ಒಂದೇ ಬಸ್ಸು, ಅದೇ ಸೀಟುಗಳು, ಅದೇ ಜನ, 1953ರಲ್ಲಿ ಎಳೆದ ಗಡಿ ದಾಟಿದ ಕೂಡಲೇ ಮಾಸ್ಕ್ ಹಾಕಬೇಕಾಗಿತ್ತು. ಬಸ್ಸಿನಲ್ಲಿ ಒಬ್ಬರೂ ಹಾಕಲಿಲ್ಲ. ನಾನೂ ಹಾಕಲಿಲ್ಲ. ಗಂಟಲು ಆಗಲೇ ಕೆರೆಯುತ್ತಿತ್ತು, ಹತ್ತಿಯ ಧೂಳು ಎಂದುಕೊಂಡೆ. ಆರು ವರ್ಷ ಹತ್ತಿಯ ಮಧ್ಯೆ ಕೂತವನಿಗೆ ಪ್ರತಿ ಕೆಮ್ಮಿಗೂ ಆ ಉತ್ತರ ಸಿದ್ಧವಾಗಿರುತ್ತದೆ.

ಉಮ್ಮನಿಗೆ ಆಗ 71. ಹಳೆಯ ದಮ್ಮು. ಮನೆಗೆ ಹೋದ ದಿನ ನೋಂಬು ತುರೆದ ಮೇಲೆ ಅವರ ಪಕ್ಕದಲ್ಲೇ ಕೂತು ಬಹಳ ಹೊತ್ತು ಮಾತಾಡಿದೆ. ಅವರಿಗೆ ಕಿವಿ ಮಂದ, ಹತ್ತಿರ ಕೂತು ಜೋರಾಗಿ ಮಾತಾಡಬೇಕು. ಮೇ 3ರ ಪೆರ್ನಾಲಿನ ದಿನ ಅವರಿಗೆ ಜ್ವರ. ಮೂರನೇ ದಿನ ಮಂಗಳೂರಿನ ಆಸ್ಪತ್ರೆಗೆ ಸೇರಿಸಿ, ಒಂಬತ್ತು ದಿನ ಆಕ್ಸಿಜನ್ ಕೊಡಬೇಕಾಯಿತು. ಕೊರೊನಾ ಪರೀಕ್ಷೆ ನೆಗೆಟಿವ್ ಬಂತು. ಯಾವುದೋ ವೈರಲ್, ದಮ್ಮು ಇದ್ದದ್ದರಿಂದ ಜೋರಾಯಿತು ಎಂದರು. ಅದು ನನ್ನಿಂದಲೇ ಬಂತು ಎಂದು ಯಾರೂ ಹೇಳಲಿಲ್ಲ. ಪೆರ್ನಾಲಿಗೆ ಮನೆಗೆ ಬಂದವರು ಮೂವತ್ತು ಜನ. ಆದರೆ ಮನೆಯಲ್ಲಿ ಮೊದಲು ಕೆಮ್ಮಿದವನು ನಾನು. ಆಸ್ಪತ್ರೆಯ ವಾರ್ಡಿನ ಹೊರಗೆ ಬೆಂಚಿನಲ್ಲಿ ಕೂತಾಗ ಜುಬ್ಬಾದ ಜೇಬಿಗೆ ಕೈ ಹಾಕಿದೆ. ಮೊದಲ ತರಾವೀಹ್‌ನ ಮಾಸ್ಕ್ ನಾಲ್ಕು ಮಡಿಕೆಯಾಗಿ ಅಲ್ಲೇ ಇತ್ತು.

ಅಲ್ಲಾಹನ ದಯದಿಂದ ಉಮ್ಮ ಗುಣವಾಗಿ ಮನೆಗೆ ಬಂದರು.

ಮರುವರ್ಷ ಮೇ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದಿತು. ನಾನು ಅಷ್ಟರಲ್ಲಿ ನನ್ನದೇ ಒಂದು ಲೆಕ್ಕ ಹಾಕಿಕೊಂಡಿದ್ದೆ. ಜಿನ್ ಯಂತ್ರಗಳ ಹತ್ತಿರ ಹೋಗುವಾಗ ಎನ್95. ಊರಿಗೆ ಹೋಗುವ ಎರಡು ದಿನ ಮುಂಚಿನಿಂದ, ಬಸ್ಸಿನಲ್ಲೂ, ಮಾಸ್ಕ್. ಪಳ್ಳಿಯಲ್ಲಿ ಕೆಮ್ಮು ನೆಗಡಿ ಇದ್ದರೆ ಹಾಕಿಕೊಂಡು ಸಫ್‌ನ ತುದಿಗೆ, ಇಲ್ಲದಿದ್ದರೆ ತೆಗೆದು ನಡುವೆ. ಚಹಾದಂಗಡಿಯಲ್ಲಿ ಬೇಡ. ಮಿಲ್ಲಿನವರಿಗೆ ಮತ್ತೆ ಮಾಸ್ಕ್ ತರಿಸಬೇಕೆಂದು ಒಂದು ಸುಗ್ಗಿಯಲ್ಲಿ ಕೇಳಿ ನೋಡಿದೆ. ಈಗ ಯಾರು ಹಾಕುತ್ತಾರೆ ಭಾಯ್ ಎಂಬ ಉತ್ತರ ಬಂತು. ಬೆಲೆ ಬರೆದುಕೊಟ್ಟು ಎರಡನೆಯ ಸಲ ಕೇಳಿದಾಗ ಬೀಜ ಗುಡಿಸುವವರಿಗೆ ಮಾತ್ರ ತರಿಸಿದರು. ಬೇರೆಯವರಿಗೆ ಕೊಡಿಸುವ ಮೊದಲೇ ನಾನು ಆ ಕೆಲಸ ಬಿಟ್ಟೆ.

ಈ ಲೆಕ್ಕ ಉಮ್ಮನ ಮುಂದೆ ನಡೆಯುವುದಿಲ್ಲ ಎಂದು ಮೊದಲ ಸಲ ಹೋದಾಗಲೇ ಗೊತ್ತಾಯಿತು. ಮಾಸ್ಕ್ ಹಾಕಿ ಅವರ ಕೋಣೆಯಲ್ಲಿ ಕೂತೆ. ನಾನು ಹೇಳಿದ್ದಕ್ಕೆಲ್ಲ ಅವರು ಹೂಂ ಅನ್ನುತ್ತಿದ್ದರು, ಆದರೆ ಉತ್ತರಗಳು ಹೊಂದುತ್ತಿರಲಿಲ್ಲ. ಮಗಳ ಮದುವೆ ವಿಷಯ ಹೇಳಿದರೆ, ಹೌದು ಈ ಸಲ ಅಡಿಕೆಗೆ ರೇಟ್ ಇಲ್ಲ ಎಂದರು. ಇಷ್ಟು ವರ್ಷ ಅವರು ಕಿವಿಯಿಂದ ಕೇಳುತ್ತಿದ್ದದ್ದು ಅರ್ಧ, ನಮ್ಮ ತುಟಿ ನೋಡಿ ತಿಳಿಯುತ್ತಿದ್ದದ್ದು ಅರ್ಧ. ಮನೆಯವರು ಯಾರೂ ಇದನ್ನು ಗಮನಿಸಿರಲಿಲ್ಲ. ಕೊರೊನಾದ ಎರಡು ವರ್ಷ ಅವರು ಎಷ್ಟು ಮಾತು ಕಳೆದುಕೊಂಡಿರಬಹುದು?

"ಅದನ್ನು ತೆಗಿ ಮೋನೇ, ನೀನು ಯಾರಂತಲೇ ಗೊತ್ತಾಗುವುದಿಲ್ಲ" ಎಂದರು.

ತೆಗೆಯಲು ಧೈರ್ಯ ಬರಲಿಲ್ಲ. ತೆಗೆಯದಿರಲೂ ಆಗಲಿಲ್ಲ. ಕೊನೆಗೆ ಅವರ ಕುರ್ಚಿಯನ್ನು ಜಗಲಿಯ ಈ ತುದಿಗೆ ತಂದೆ, ನನ್ನದನ್ನು ಆ ತುದಿಗೆ ಇಟ್ಟೆ. ಗಾಳಿ ತೋಟದ ಕಡೆಯಿಂದ ಅವರ ಮೇಲೆ ಹಾದು ನನ್ನ ಕಡೆಗೆ ಬೀಸುತ್ತದೆ, ಅದನ್ನು ನೋಡಿಯೇ ಕುರ್ಚಿ ಇಟ್ಟದ್ದು. ಅಲ್ಲಿ ಕೂತರೆ ಮಾಸ್ಕ್ ಬೇಡ. ನನ್ನ ತುಟಿ ಅವರಿಗೆ ಕಾಣುತ್ತದೆ. ಒಳಗೆ ಹೋಗಿ ಮಾತ್ರೆ ಕೊಡುವಾಗ, ಬೆನ್ನು ತಿಕ್ಕುವಾಗ ಮಾಸ್ಕ್ ಹಾಕುತ್ತೇನೆ, ಆಗ ಇಬ್ಬರೂ ಮಾತಾಡುವುದಿಲ್ಲ. ಮಳೆಗಾಲದಲ್ಲಿ ಜಗಲಿಗೆ ಎರಚಲು ಹೊಡೆಯುತ್ತದೆ. ಆಗ ಏನು ಮಾಡುವುದೆಂದು ಇನ್ನೂ ಗೊತ್ತಾಗಿಲ್ಲ. ಈ ಸಲ ಒಂದು ಸ್ಲೇಟು ತಂದಿಟ್ಟಿದ್ದೇನೆ. ಉಮ್ಮ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಕಲಿತವರು, ದೊಡ್ಡ ಅಕ್ಷರದಲ್ಲಿ ಬರೆದರೆ ಓದುತ್ತಾರೆ.